ಮಲಗುವ ಗಾಡಿಗೆ ಸೋರದ ಎಕ್ಸಾಸ್ಟ್: ಹಳೇ ಅಂಬಾಸಿಡರ್‌ಗೆ ಹೆಡರ್ ಕೂರಿಸಿದ ನನ್ನ ಅನುಭವ

ನಮ್ಮ ಮೋಟರ್‌ಹೋಮ್ ಒಂದು ಕಾಲಕ್ಕೆ ಆಂಬುಲೆನ್ಸ್ ಆಗಿತ್ತು. ಚಾವಣಿ ಎತ್ತರಿಸಿದ ಹಳೇ ಅಂಬಾಸಿಡರ್. ಸ್ಟ್ರೆಚರ್ ಇದ್ದ ಜಾಗದಲ್ಲಿ ಈಗ ಮಂಚ ಇದೆ. ಪಕ್ಕದಲ್ಲಿ ಒಂಟಿ ಬರ್ನರ್ ಒಲೆ, ನೀರಿನ ಟ್ಯಾಂಕು, ಬಟ್ಟೆ ಇಡಲು ಪೆಟ್ಟಿಗೆ. ಎಂಜಿನ್ ಮಾತ್ರ ಬದಲಾಗಿಲ್ಲ. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ-ಸೀರೀಸ್, 1489 ಸಿಸಿ ಪೆಟ್ರೋಲ್.

ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಎಡಗಡೆಯಿಂದ ಟಿಕ್ ಟಿಕ್ ಸದ್ದು ಬರುತ್ತಿತ್ತು. ಎಂಜಿನ್ ಬಿಸಿಯಾದಂತೆ ಅದು ಅಡಗುತ್ತಿತ್ತು. ಹಳೇ ಅಂಬಾಸಿಡರ್ ಇಟ್ಟುಕೊಂಡವರಲ್ಲಿ ಹೆಚ್ಚಿನವರು ಇದನ್ನು ಟ್ಯಾಪೆಟ್ (ವಾಲ್ವ್ ಎತ್ತುವ ಬಿಡಿಭಾಗ) ಸದ್ದು ಅಂದುಕೊಂಡು ಅದರ ಗ್ಯಾಪ್ ಬಿಗಿ ಮಾಡಿಸುತ್ತಾರೆ. ಆದರೆ ಬಿಸಿಯಾದ ಮೇಲೆ ಕಡಿಮೆಯಾಗುವ ಟಿಕ್ ಸದ್ದಿಗೆ ಮೊದಲು ಎಕ್ಸಾಸ್ಟ್ ಮ್ಯಾನಿಫೋಲ್ಡ್ ನೋಡಬೇಕು, ಅಂದರೆ ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸಿ ಸೈಲೆನ್ಸರ್ ಕಡೆಗೆ ಒಯ್ಯುವ ಬೀಡುಕಬ್ಬಿಣದ ಕೊಳವೆ. ಕಬ್ಬಿಣ ಬಿಸಿಗೆ ಹಿಗ್ಗಿ ಬಿರುಕು ಮುಚ್ಚಿಕೊಳ್ಳುತ್ತದೆ, ಸದ್ದು ಅಡಗುತ್ತದೆ. ಸೋರಿಕೆ ಮಾತ್ರ ಪೂರ್ತಿ ನಿಲ್ಲುವುದಿಲ್ಲ.

ಪರೀಕ್ಷೆ ಸುಲಭ. ಎಂಜಿನ್ ಆಫ್ ಇರುವಾಗ, ಪೂರ್ತಿ ತಣ್ಣಗಾದ ಮೇಲೆ, ಸೈಲೆನ್ಸರ್ ಬಾಯಿಗೆ ಬ್ಲೋವರ್‌ನ ಪೈಪು ಬಟ್ಟೆ ಸುತ್ತಿ ಹಿಡಿಯಬೇಕು. ಮ್ಯಾನಿಫೋಲ್ಡ್ ಜೋಡಣೆಗಳಿಗೆ ಸೋಪಿನ ನೀರು ಸವರಬೇಕು. ಸೋರುವ ಕಡೆ ಗುಳ್ಳೆ ಏಳುತ್ತದೆ. ಕೆಲವರು ಎಂಜಿನ್ ಓಡಿಸಿ ಊದುಬತ್ತಿ ಹೊಗೆ ಹಿಡಿದು ನೋಡುತ್ತಾರೆ. ಈ ಎಂಜಿನ್ನಿನಲ್ಲಿ ಕಾರ್ಬುರೇಟರ್ ಮ್ಯಾನಿಫೋಲ್ಡಿನ ನೆತ್ತಿಯ ಮೇಲೇ ಇದೆ. ಪೆಟ್ರೋಲಿನ ಪಕ್ಕ ಬೆಂಕಿ ಹಿಡಿಯುವ ಕೆಲಸ ದಯವಿಟ್ಟು ಬೇಡ. ನಮ್ಮ ಗಾಡಿಯಲ್ಲಿ ಗುಳ್ಳೆ ಎದ್ದಿದ್ದು ಎರಡು ಕಡೆ. ಹಿಂದಿನ ಪೋರ್ಟಿನ (ಹೊಗೆ ಹೊರಬರುವ ಬಾಯಿಯ) ಪ್ಯಾಕಿಂಗ್ ಹತ್ತಿರ ಒಂದು, ನಡು ಪೋರ್ಟಿನ ಬುಡದ ಕೂದಲೆಳೆಯಂಥ ಬಿರುಕಿನಲ್ಲಿ ಇನ್ನೊಂದು.

ಓಡಾಡುವ ಕಾರಾಗಿದ್ದರೆ ಇಷ್ಟು ಸೋರಿಕೆಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಇದು ನಾವು ಮಲಗುವ ಗಾಡಿ. ಎಕ್ಸಾಸ್ಟಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಲವಾಗಿ ಅಂಟಿಕೊಳ್ಳುತ್ತದೆ. ನಾನು ಓಡಿಸುವಾಗ ಹಿಂದೆ ಮಂಚದ ಮೇಲೆ ಮಕ್ಕಳು ನಿದ್ದೆ ಮಾಡುತ್ತಿರುತ್ತಾರೆ. ಅವರಿಗೆ ತಲೆನೋವು ಬಂದರೂ ಹೇಳಲು ಎಚ್ಚರವೇ ಇರುವುದಿಲ್ಲ. ಬೀಡಿನ ಮ್ಯಾನಿಫೋಲ್ಡಿನ ಬದಲು ಪೈಪುಗಳನ್ನು ಬೆಸೆದು ಮಾಡುವುದಕ್ಕೆ ಹೆಡರ್ ಅನ್ನುತ್ತಾರೆ. ಹೆಡರ್ ಅಂದರೆ ಪವರ್, ಸದ್ದು, ಶೋಕಿ ಅಂತ ತುಂಬ ಜನ ತಿಳಿದಿದ್ದಾರೆ. ನನಗೆ ಬೇಕಾಗಿದ್ದು ಒಂದೇ, ಸೋರದ ಜೋಡಣೆ. ಮುಂದೆ ಮಾಡಿದ ಪ್ರತಿ ಆಯ್ಕೆಯೂ ಇದರಿಂದಲೇ ಹುಟ್ಟಿತು.

ಹಳೇ ಮ್ಯಾನಿಫೋಲ್ಡನ್ನೇ ಉಳಿಸಬಹುದಾ ಅಂತ ಮೊದಲು ನೋಡಿದೆ. ಹರಿಹರಕ್ಕೆ ತೆಗೆದುಕೊಂಡು ಹೋದೆ. ಮೈಸೂರು ಕಿರ್ಲೋಸ್ಕರ್ ಲೇತ್ ಕಾರ್ಖಾನೆ ಮುಚ್ಚಿ ಬಹಳ ವರ್ಷವಾದರೂ ಅಲ್ಲಿ ಕೈ ಪಳಗಿಸಿಕೊಂಡವರು ಈ ಸೀಮೆಯಲ್ಲಿ ಇನ್ನೂ ಇದ್ದಾರೆ. ಅಂಥ ಒಬ್ಬ ಹಿರಿಯ ಮೇಸ್ತ್ರಿ ಅದನ್ನು ಸರ್ಫೇಸ್ ಪ್ಲೇಟಿನ (ಮಟ್ಟ ನೋಡುವ ಸಪಾಟು ಹಲಗೆಯ) ಮೇಲಿಟ್ಟರು. ಎರಡೂ ತುದಿ ಎದ್ದು ನಿಂತಿದ್ದವು. ಕೆಳಗೆ ಸಂದು ಅಳೆಯುವ ತೆಳು ತಗಡು, ಫೀಲರ್ ಗೇಜ್, ಸಲೀಸಾಗಿ ತೂರುತ್ತಿತ್ತು. ಮಿಲ್ಲಿಂಗ್ ಮಾಡಿ ಮಟ್ಟ ಮಾಡಬಹುದಿತ್ತು. ಆದರೆ ಬಿರುಕಿಗೇನು ಮಾಡುವುದು? ನಿಕ್ಕಲ್ ರಾಡ್‌ನಲ್ಲಿ ಬೀಡುಕಬ್ಬಿಣ ಬೆಸೆಯುವವರು ದಾವಣಗೆರೆಯಲ್ಲೂ ಇದ್ದಾರೆ. ವರ್ಷಗಟ್ಟಲೆ ಕಾದು ತಣಿದ ಬೀಡು, ಬೆಸುಗೆಯ ಪಕ್ಕದಲ್ಲೇ ಮತ್ತೆ ಸೀಳುವ ಸಾಧ್ಯತೆ ಜಾಸ್ತಿ ಅಂತ ಅವರೇ ಹೇಳಿದರು.

ಗುಜರಿಯಲ್ಲಿ ಬೇರೆ ಹುಡುಕಿದೆ. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿದೆ. 1990ರ ದಶಕದಲ್ಲಿ ಇಸುಜು ಪೆಟ್ರೋಲ್ ಎಂಜಿನ್ ಬಂದ ಮೇಲೆ ಈ ಹಳೇ ಪೆಟ್ರೋಲ್ ಎಂಜಿನ್ನಿನ ಸಾಮಾನು ಅಪರೂಪವಾಯಿತು. ಬೆಂಗಳೂರಿನ ಶಿವಾಜಿನಗರದಲ್ಲಿ ಸಿಕ್ಕವೂ ನಮ್ಮದರಷ್ಟೇ ವಯಸ್ಸಾದವು, ಅದೇ ಜಾಗದಲ್ಲಿ ಸವೆದವು. ಹಾಗಾಗಿ ಪೈಪಿನಿಂದ ಹೆಡರ್ ಕಟ್ಟುವುದು ಅಂತ ತೀರ್ಮಾನಿಸಿದೆ.

ಈ ಎಂಜಿನ್ನಿನ ಹೆಡ್ಡಿನಲ್ಲಿ (ಸಿಲಿಂಡರುಗಳ ಮೇಲಿನ ಮುಚ್ಚಳದಲ್ಲಿ) ಐದೇ ಪೋರ್ಟು. ಎರಡು ಒಳಕ್ಕೆ, ಮೂರು ಹೊರಕ್ಕೆ. ಒಂದನೇ ಮತ್ತು ನಾಲ್ಕನೇ ಸಿಲಿಂಡರಿಗೆ ಸ್ವಂತ ಎಕ್ಸಾಸ್ಟ್ ಬಾಯಿ. ಎರಡು, ಮೂರು ಸೇರಿ ನಡುವಿನ ಒಂದೇ ಬಾಯಲ್ಲಿ ಉಸಿರು ಬಿಡುತ್ತವೆ. ಫೈರಿಂಗ್ ಆರ್ಡರ್ (ಸಿಲಿಂಡರುಗಳಲ್ಲಿ ಕಿಡಿ ಹೊತ್ತುವ ಸರದಿ) 1-3-4-2. ಅಂದರೆ ಒಂದು ಮತ್ತು ನಾಲ್ಕರ ನಡುವೆ ಸರಿಯಾಗಿ ಒಂದು ಸುತ್ತಿನ ಅಂತರ. ಎರಡು ಮತ್ತು ಮೂರಕ್ಕೂ ಅಷ್ಟೇ. ಹಾಗಾಗಿ ಒಂದು-ನಾಲ್ಕರ ಪೈಪುಗಳನ್ನು ಮೊದಲು ಸೇರಿಸಿ, ನಡುವಿನ ಪೈಪನ್ನು ಒಂಟಿಯಾಗಿ ಉದ್ದಕ್ಕೆ ಇಳಿಸಿ, ಕೆಳಗೆ ಎರಡನ್ನೂ ಕೂಡಿಸಿದರೆ ಒಂದರ ಹೊಗೆ ಇನ್ನೊಂದಕ್ಕೆ ಅಡ್ಡ ಬರುವುದಿಲ್ಲ. ಇಂಥ ಐದು ಪೋರ್ಟಿನ ಎಂಜಿನ್ನುಗಳಿಗೆ ಬ್ರಿಟನ್ನಿನಲ್ಲಿ ಲಾಂಗ್ ಸೆಂಟರ್ ಬ್ರಾಂಚ್ ಅಂತ ಮಾಡುವ ಹೆಡರ್ ಇದೇ. ನಮ್ಮ ಗಾಡಿಯಲ್ಲಿ ಮ್ಯಾನಿಫೋಲ್ಡ್ ಎಡಕ್ಕೆ, ಸ್ಟೀರಿಂಗ್ ಬಲಕ್ಕೆ. ಪೈಪು ಇಳಿಸಲು ಜಾಗ ಧಾರಾಳವಾಗಿತ್ತು.

ನಿಜವಾದ ಕೆಲಸ ಇರುವುದು ಫ್ಲಾಂಜಿನಲ್ಲಿ, ಅಂದರೆ ಪೈಪುಗಳನ್ನು ಹೆಡ್ಡಿಗೆ ಕೂರಿಸುವ ಚಪ್ಪಟೆ ಪಟ್ಟಿಯಲ್ಲಿ. ಈ ಎಂಜಿನ್ನಿನಲ್ಲಿ ಇನ್‌ಲೆಟ್ (ಗಾಳಿ-ಪೆಟ್ರೋಲ್ ಒಳಗೆ ಒಯ್ಯುವ ಕೊಳವೆ), ಎಕ್ಸಾಸ್ಟ್ ಎರಡೂ ಒಂದೇ ಪಕ್ಕ, ಒಂದೇ ಗ್ಯಾಸ್ಕೆಟ್. ಎರಡರ ನಡುವೆ ಒಂದು ಸ್ಟಡ್ (ತಲೆಯಿಲ್ಲದ ಬೋಲ್ಟು), ಅದರ ಮೇಲೊಂದು ದಪ್ಪ ವಾಷರ್. ಆ ವಾಷರ್‌ನ ಒಂದು ಅಂಚು ಇನ್‌ಲೆಟ್ಟನ್ನು ಒತ್ತುತ್ತದೆ, ಇನ್ನೊಂದು ಅಂಚು ಎಕ್ಸಾಸ್ಟನ್ನು ಒತ್ತುತ್ತದೆ. ಎರಡರ ದಪ್ಪದಲ್ಲಿ ಸ್ವಲ್ಪ ವ್ಯತ್ಯಾಸ ಇದ್ದರೂ ವಾಷರ್ ಓರೆಯಾಗುತ್ತದೆ. ದಪ್ಪ ಇರುವ ಕಡೆ ಬಿಗಿ, ತೆಳುವಿನ ಕಡೆ ಸಡಿಲ. ಹೊಸ ಹೆಡರ್ ಹಾಕಿ ನಾಲ್ಕು ದಿನಕ್ಕೆ ಮತ್ತೆ ಸೋರುತ್ತದೆ ಅಂತ ಬೈಯುವವರ ಗಾಡಿಯಲ್ಲಿ ಈ ವಾಷರ್ ತೆಗೆದು ನೋಡಿ. ಒಂದೇ ಪಕ್ಕದಲ್ಲಿ ಗುರುತು ಬಿದ್ದಿರುತ್ತದೆ.

ಅದಕ್ಕೇ ನಾವು ಇನ್‌ಲೆಟ್ಟಿನ ಕಿವಿಗಳನ್ನು ವರ್ನಿಯರ್‌ನಲ್ಲಿ ಅಳೆದು, ಅದಕ್ಕಿಂತ ದಪ್ಪದ ಎಂ.ಎಸ್. (ಮೈಲ್ಡ್ ಸ್ಟೀಲ್, ಸಾಮಾನ್ಯ ಉಕ್ಕು) ಪ್ಲೇಟ್ ತಂದು, ಮಿಲ್ಲಿಂಗ್‌ನಲ್ಲಿ ಅದೇ ದಪ್ಪಕ್ಕೆ ಇಳಿಸಿದೆವು. ಮೂರು ಪೋರ್ಟಿಗೂ ಸೇರಿ ಒಂದೇ ಪಟ್ಟಿ ಕತ್ತರಿಸಿದೆವು. ಅದನ್ನು ಒಂದು ಸತ್ತ ಸಿಲಿಂಡರ್ ಹೆಡ್ಡಿಗೆ ಬೋಲ್ಟ್ ಮಾಡಿ, ಪೈಪುಗಳನ್ನು ಅಲ್ಲೇ ಬೆಸೆದೆವು. ಬೆಸುಗೆಯ ಬಿಸಿಗೆ ಫ್ಲಾಂಜ್ ಬಾಳೆಕಾಯಿಯಂತೆ ಬಾಗದಿರಲು ಇದೇ ದಾರಿ. ಪೂರ್ತಿ ತಣಿಯುವವರೆಗೂ ಬಿಚ್ಚಲಿಲ್ಲ. ಆಮೇಲೆ ಪಟ್ಟಿಯನ್ನು ಪೋರ್ಟುಗಳ ನಡುವೆ ಕತ್ತರಿಸಿ ಮೂರು ತುಂಡು ಮಾಡಿದೆವು. ಇದನ್ನು ನೋಡಿ ಗ್ಯಾರೇಜಿನ ಹುಡುಗರು ಗಾಬರಿಯಾದರು. ಆದರೆ ಕತ್ತರಿಸಲೇಬೇಕು. ಅರ್ಧ ಮೀಟರ್ ಉಕ್ಕು 500 ಡಿಗ್ರಿ ಏರಿದರೆ ಸುಮಾರು 3 ಮಿ.ಮೀ. ಹಿಗ್ಗುತ್ತದೆ. ಒಂದೇ ಪಟ್ಟಿಯಾದರೆ ಆ ಹಿಗ್ಗು ಸ್ಟಡ್ಡುಗಳನ್ನು ಎಳೆಯುತ್ತದೆ ಇಲ್ಲವೇ ಬೆಸುಗೆಯನ್ನು ಸೀಳುತ್ತದೆ. ಕೊನೆಗೆ ಮುಖವನ್ನು ಸರ್ಫೇಸ್ ಪ್ಲೇಟಿನ ಮೇಲೆ, ಉಬ್ಬು ತಗ್ಗು ತೋರಿಸುವ ನೀಲಿ ಬಣ್ಣ ಹಚ್ಚಿ, ಉಜ್ಜಿದೆವು. ನೀಲಿ ಎಲ್ಲ ಕಡೆ ಸಮನಾಗಿ ಹತ್ತುವವರೆಗೂ ಮೇಸ್ತ್ರಿ ಬಿಡಲಿಲ್ಲ.

ಪೈಪು 16 ಗೇಜಿನ ಎಂ.ಎಸ್., ಬೆಂಡುಗಳನ್ನು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಿದೆ. ಸ್ಟೇನ್‌ಲೆಸ್ ಹಾಕು ಅಂದವರೂ ಇದ್ದರು. ನೋಡಲು ಚೆಂದ, ತುಕ್ಕಿಲ್ಲ, ನಿಜ. ಆದರೆ 304 ಸ್ಟೇನ್‌ಲೆಸ್ ಎಂ.ಎಸ್.ಗಿಂತ ಸುಮಾರು ಒಂದೂವರೆ ಪಟ್ಟು ಹಿಗ್ಗುತ್ತದೆ. ಮಲೆನಾಡಿನ ಯಾವುದೋ ತಿರುವಿನಲ್ಲಿ ಬಿರುಕು ಬಿಟ್ಟರೆ ಅದನ್ನು ಸರಿಯಾಗಿ ಬೆಸೆಯುವವರು ಎಲ್ಲ ಕಡೆ ಸಿಗುವುದಿಲ್ಲ. ಎಂ.ಎಸ್. ಆದರೆ ಯಾವ ಹಳ್ಳಿಯ ವೆಲ್ಡಿಂಗ್ ಅಂಗಡಿಯಲ್ಲೂ ಆಗುತ್ತದೆ.

ಹಳೇ ಸ್ಟಡ್ ಬಿಚ್ಚುವುದಕ್ಕೆ ತಾಳ್ಮೆ ಬೇಕು. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ನೆನೆಸಿದೆ. ಮರುದಿನ ಪೆಟ್ರೋಲ್ ಪೈಪು, ಕಾರ್ಬುರೇಟರ್ ಎಲ್ಲ ಬಿಚ್ಚಿ ದೂರ ಇಟ್ಟ ಮೇಲೆ ನಟ್ಟಿಗೆ ಗ್ಯಾಸ್ ಬೆಂಕಿ ತೋರಿಸಿ, ಕೆಂಪಾಗಿ ಸ್ವಲ್ಪ ಆರಿದಾಗ ಮೇಣದ ಬತ್ತಿ ಒತ್ತಿದೆವು. ಕರಗಿದ ಮೇಣ ಎಳೆಗಳ ಒಳಗೆ ಇಳಿಯುತ್ತದೆ, ನಟ್ಟು ಸಲೀಸಾಗಿ ತಿರುಗುತ್ತದೆ. ಆದರೂ ಹಿಂದಿನ ಸ್ಟಡ್ ಒಂದು ಬುಡಕ್ಕೇ ಮುರಿಯಿತು. ಉಳಿದ ಮೋಟಿನ ಮೇಲೆ ಒಂದು ನಟ್ಟು ಇಟ್ಟು ಒಳಗಿನಿಂದ ಬೆಸೆದು, ಬಿಸಿ ಇರುವಾಗಲೇ ಪಾನಾ ಹಾಕಿ ಹಿಂದೆ ಮುಂದೆ ಆಡಿಸಿ ತೆಗೆದೆವು. ಹೊಸ ಸ್ಟಡ್ಡುಗಳಿಗೆ ತಾಮ್ರದ ಗ್ರೀಸ್ ಹಚ್ಚಿ, ಹಿತ್ತಾಳೆ ನಟ್ಟು ಹಾಕಿದ್ದೇನೆ. ಹಿತ್ತಾಳೆ ಉಕ್ಕಿಗೆ ಕಚ್ಚಿಕೊಳ್ಳುವುದಿಲ್ಲ. ಎಳೆ ಇಂಚಿನದು ಅನ್ನುವುದು ನೆನಪಿರಲಿ. ಮಿಲಿಮೀಟರ್ ನಟ್ಟು ಬಲವಂತವಾಗಿ ತಿರುಗಿಸಿ ಎಳೆ ಹಾಳು ಮಾಡಿದ ಹೆಡ್ಡುಗಳನ್ನು ನೋಡಿ ಹೊಟ್ಟೆ ಉರಿಯುತ್ತದೆ.

ಮ್ಯಾನಿಫೋಲ್ಡ್ ಹೊರಗಿದ್ದಾಗಲೇ ಅದರ ಕೆಳಗಿರುವ ಎರಡು ಟ್ಯಾಪೆಟ್ ಮುಚ್ಚಳಗಳ ಪ್ಯಾಕಿಂಗ್ ಬದಲಾಯಿಸಿಬಿಡಿ. ಬೇರೆ ಸಮಯದಲ್ಲಿ ಅಲ್ಲಿಗೆ ಕೈ ಹೋಗುವುದಿಲ್ಲ. ಅಲ್ಲಿಂದ ಜಿನುಗುವ ಎಣ್ಣೆ ಬಿಸಿ ಪೈಪಿನ ಮೇಲೆ ಬಿದ್ದರೆ ಹೊಗೆ ನೇರ ಗಾಡಿಯೊಳಗೆ ಬರುತ್ತದೆ.

ಬೀಡಿನ ಮ್ಯಾನಿಫೋಲ್ಡ್ ಹೊಗೆ ಸಾಗಿಸುವುದರ ಜೊತೆಗೆ ಇನ್ನೊಂದು ಕೆಲಸವನ್ನೂ ಮಾಡುತ್ತಿತ್ತು. ಇನ್‌ಲೆಟ್ ಅದರ ಬೆನ್ನ ಮೇಲೆ ಕೂತು ಬಿಸಿಯಾಗುತ್ತಿತ್ತು, ಪೆಟ್ರೋಲ್ ಚೆನ್ನಾಗಿ ಆವಿಯಾಗುತ್ತಿತ್ತು. ಹೆಡರ್ ಹಾಕಿದರೆ ಆ ಬಿಸಿ ಹೋಗುತ್ತದೆ. ಬೇಸಿಗೆಯಲ್ಲಿ ದಾವಣಗೆರೆಯಲ್ಲಿ ಇದು ಗೊತ್ತೇ ಆಗುವುದಿಲ್ಲ. ಆದರೆ ಮಳೆಗಾಲದಲ್ಲಿ ತೀರ್ಥಹಳ್ಳಿ ದಾಟಿ ಆಗುಂಬೆ ಕಡೆ ಹೋದರೆ ಗೊತ್ತಾಗುತ್ತದೆ. ಒದ್ದೆ ಗಾಳಿ, ತಂಪು. ಪೆಟ್ರೋಲ್ ಆವಿಯಾಗುವಾಗ ಶಾಖ ಎಳೆದುಕೊಂಡು ಕಾರ್ಬುರೇಟರ್ ಗಂಟಲಲ್ಲಿ ಹಿಮ ಕಟ್ಟಬಹುದು, ಹೊರಗೆ 15-20 ಡಿಗ್ರಿ ಇದ್ದರೂ. ಎಥನಾಲ್ ಆವಿಯಾಗಲು ಪೆಟ್ರೋಲಿಗಿಂತ ಎರಡು ಪಟ್ಟಿಗೂ ಜಾಸ್ತಿ ಶಾಖ ಬೇಕು. ಈಗ ಬಂಕುಗಳಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಬೆರೆತದ್ದು, ಅಲ್ವಾ? ಅದಕ್ಕೆ ನಡುವಿನ ಪೈಪಿನ ಮೇಲೆ ಒಂದು ದಪ್ಪ ತಗಡಿನ ಪೀಠ ಬೆಸೆಸಿದೆ. ಅದು ಇನ್‌ಲೆಟ್ಟಿನ ತಳಕ್ಕೆ ತಾಗದೆ, ಹತ್ತಿರದಲ್ಲೇ ನಿಂತು ಬಿಸಿ ಕೊಡುತ್ತದೆ.

ಬೇಸಿಗೆಯ ಸಮಸ್ಯೆ ಉಲ್ಟಾ. ತೆಳು ಪೈಪು ಬೀಡಿಗಿಂತ ಬೇಗ ಕಾಯುತ್ತದೆ. ಏಪ್ರಿಲ್ ಬಿಸಿಲಿಗೆ ಗಾಡಿ ನಿಲ್ಲಿಸಿದರೆ ಕಾರ್ಬುರೇಟರಿನ ಪೆಟ್ರೋಲ್ ಕುದಿಯುತ್ತದೆ. ಇದಕ್ಕೆ ಕಾರ್ಬುರೇಟರ್ ಕೆಳಗೆ ಬಿಸಿ ದಾಟಿಸದ ಹೈಲಂ ಶೀಟಿನ ದಪ್ಪ ಬಿಲ್ಲೆ ಕತ್ತರಿಸಿ ಹಾಕಿದೆ. ಕಾರ್ಬುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಬೌಲಿಗೂ ಪೈಪಿಗೂ ನಡುವೆ, ಪೀಠದ ಜಾಗ ಬಿಟ್ಟು, ಅಲ್ಯುಮಿನಿಯಂ ತಗಡಿನ ಅಡ್ಡಗೋಡೆ ಹಾಕಿದೆ. ಪೆಟ್ರೋಲಿನ ರಬ್ಬರ್ ಪೈಪುಗಳನ್ನೆಲ್ಲ ಎಥನಾಲ್ ತಾಳುವಂಥದ್ದಕ್ಕೆ ಬದಲಾಯಿಸಿ ಬಿಸಿಯಿಂದ ದೂರ ಒಯ್ದೆ. ಪೈಪಿಗೆ ಬಟ್ಟೆಯಂಥ ಸುತ್ತು ಸುತ್ತುವುದು ನನಗೆ ಒಪ್ಪಿಗೆಯಿಲ್ಲ. ಅದು ಮಳೆ ನೀರು ಹಿಡಿದಿಟ್ಟುಕೊಳ್ಳುತ್ತದೆ, ಒಳಗೇ ತುಕ್ಕು ತಿಂದರೂ ಕಾಣುವುದಿಲ್ಲ. ಮಲಗುವ ಗಾಡಿಯಲ್ಲಿ ಪೈಪು ಕಣ್ಣಿಗೆ ಕಾಣುತ್ತಿರಬೇಕು.

ಪೈಪಿನ ಕೆಳ ತುದಿಯನ್ನು ಗೇರ್‌ಬಾಕ್ಸಿಗೆ ಒಂದು ಬ್ರಾಕೆಟ್ಟಿನಿಂದ ಕಟ್ಟಿದ್ದೇವೆ, ಗಾಡಿಯ ಮೈಗೆ ಅಲ್ಲ. ಎಂಜಿನ್ ರಬ್ಬರ್ ಮೇಲೆ ಅಲುಗಾಡುತ್ತದೆ. ಪೈಪು ಅದರ ಜೊತೆಗೇ ಅಲುಗಬೇಕು, ಇಲ್ಲದಿದ್ದರೆ ಬೆಸುಗೆಗೆ ಪೆಟ್ಟು. ಅಲ್ಲಿಂದ ಹಿಂದಕ್ಕೆ ರಬ್ಬರ್ ತೂಗು. ಸೈಲೆನ್ಸರ್ ಮೊದಲಿನದೇ. ಕೊನೆಯ ಪೈಪನ್ನು ಮಾತ್ರ ಹಿಂದಿನ ಬಾಗಿಲ ಕೆಳಗಿನಿಂದ ತೆಗೆದು ಬಲ ಮೂಲೆಗೆ, ಬಾಡಿಯ ಅಂಚು ದಾಟಿ ಹೊರಗೆ ಚಾಚುವಂತೆ ತಿರುಗಿಸಿದೆ. ಎತ್ತರದ ಗಾಡಿ ಓಡುವಾಗ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಬಾಗಿಲ ರಬ್ಬರ್ ಸವೆದಿದ್ದರೆ ಹೊಗೆ ಒಳಗೇ ಬರುತ್ತದೆ. ಆ ರಬ್ಬರೂ ಹೊಸದು ಹಾಕಿದೆ. ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಗೋಡೆಯಲ್ಲಿ ಕೇಬಲ್ ಹೋಗುವ ತೂತುಗಳಿಗೆಲ್ಲ ರಬ್ಬರ್ ಬಳೆ, ಗ್ರಾಮೆಟ್, ಕೂರಿಸಿದೆ. ಮಂಚದ ತಲೆಭಾಗದಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇದೆ. ಹೆಡರ್ ಎಷ್ಟೇ ಚೆನ್ನಾಗಿ ಕೂತಿದ್ದರೂ ಅದು ಬೇಕೇ ಬೇಕು, ಒಳಗೆ ಗ್ಯಾಸ್ ಒಲೆಯೂ ಇದೆಯಲ್ಲ.

ನಟ್ಟುಗಳನ್ನು ನಡುವಿನಿಂದ ಶುರುಮಾಡಿ ತುದಿಗಳ ಕಡೆಗೆ, ಸ್ವಲ್ಪ ಸ್ವಲ್ಪವೇ, 15 ಅಡಿ-ಪೌಂಡಿಗೆ ಬಿಗಿ ಮಾಡಿದೆ. ಒಂದು ಸಲ ಚೆನ್ನಾಗಿ ಬಿಸಿ ಮಾಡಿ, ಪೂರ್ತಿ ತಣಿಸಿ, ಮತ್ತೆ ಬಿಗಿ ನೋಡಿದೆ. ಕೊಂಡಜ್ಜಿ ಕೆರೆವರೆಗೆ ಹೋಗಿ ಬಂದು ಮತ್ತೊಮ್ಮೆ. ಸೋಪಿನ ನೀರಿಗೆ ಗುಳ್ಳೆಯೇ ಇಲ್ಲ.

ಪವರ್ ಬಗ್ಗೆ ಕೇಳುವವರಿಗೆ: ಸ್ವಲ್ಪ ಇದೆ, ಜಾಸ್ತಿ ನಿರೀಕ್ಷೆ ಬೇಡ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್, ಚಿತ್ರದುರ್ಗ 700ರ ಮೇಲೆ. ಆ ಏರಿನಲ್ಲಿ ಮೊದಲು ಮೂರನೇ ಗೇರಿಗೆ ಇಳಿಸುತ್ತಿದ್ದ ಕಡೆ ಈಗ ನಾಲ್ಕರಲ್ಲೇ ಎಳೆಯುತ್ತದೆ. ಆದರೆ ಪ್ಲಗ್ ಬಿಚ್ಚಿ ನೋಡಿದಾಗ ಬೆಳ್ಳಗಿದ್ದವು, ಮಿಶ್ರಣದಲ್ಲಿ ಪೆಟ್ರೋಲ್ ಸಾಲದು ಅನ್ನುವ ಗುರುತು. ಹೊಗೆ ಸಲೀಸಾಗಿ ಹೋದರೆ ಒಳಗೆ ಗಾಳಿ ಜಾಸ್ತಿ ಬರುತ್ತದೆ, ಎಥನಾಲ್‌ನಿಂದ ಮಿಶ್ರಣ ಇನ್ನಷ್ಟು ತೆಳುವಾಗುತ್ತದೆ. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿದ ಮೇಲೆ ಪ್ಲಗ್ಗುಗಳು ಕಂದು ಬಣ್ಣಕ್ಕೆ ಬಂದಿವೆ. ಮಿಶ್ರಣ ತೆಳುವಾಗಿರುವುದನ್ನು ಹಾಗೇ ಬಿಟ್ಟರೆ ಎಕ್ಸಾಸ್ಟ್ ವಾಲ್ವ್ ಸುಡುತ್ತದೆ, ಹಾಗಾಗಿ ಹೆಡರ್ ಹಾಕಿದವರು ಪ್ಲಗ್ ನೋಡದೆ ದೂರದ ಪ್ರಯಾಣಕ್ಕೆ ಹೊರಡಬೇಡಿ.