ಮನೆಯಲ್ಲೊಂದು ಕನ್ಸರ್ವೇಟಿವ್ ಕಪಾಟು: ಯಾವ ಪುಸ್ತಕ ಮೊದಲು, ಯಾವುದು ಆಮೇಲೆ?

ಅಮೆರಿಕದಲ್ಲೋ ಬ್ರಿಟನ್ನಿನಲ್ಲೋ ಚುನಾವಣೆ ಬಂತೆಂದರೆ ನಮ್ಮ ಟಿ.ವಿ. ಚರ್ಚೆಗಳಲ್ಲೂ 'ಕನ್ಸರ್ವೇಟಿವ್' (ಹಿಂದಿನಿಂದ ಬಂದದ್ದನ್ನು ಉಳಿಸಿಕೊಂಡೇ ಬದಲಾಗಬೇಕೆನ್ನುವ ಪಂಥ) ಎಂಬ ಮಾತು ಓಡಾಡತೊಡಗುತ್ತದೆ. ಆ ವಿಚಾರವನ್ನು ಮೂಲದಿಂದಲೇ ಓದೋಣ ಎಂದು ಹೊರಟವರಿಗೆ 'ಓದಲೇಬೇಕಾದ ನೂರು ಪುಸ್ತಕ' ಎಂಬಂಥ ಪಟ್ಟಿಗಳು ಬೇಕಾದಷ್ಟು ಸಿಗುತ್ತವೆ. ಅವುಗಳಲ್ಲಿ ಟಿ.ವಿ. ನಿರೂಪಕರೂ ಮಾಜಿ ಮಂತ್ರಿಗಳೂ ಬರೆದವು ಬಹಳ. ಮುಂದಿನ ಚುನಾವಣೆಯ ಹೊತ್ತಿಗೆ ಅವು ರದ್ದಿ. ನಿಜಕ್ಕೂ ಹತ್ತು ಹನ್ನೆರಡು ಪುಸ್ತಕ ಸಾಕು. ಆದರೆ ಎಲ್ಲವೂ ಒಂದೇ ರಾಗ ಹಾಡುವಂಥವಾಗಬಾರದು. ಈ ಪಂಥದವರು ತಮ್ಮತಮ್ಮಲ್ಲೇ ಆಡಿದ ಜಗಳ ಕಡಿಮೆಯೇನಲ್ಲ. ಆ ಜಗಳ ಅರ್ಥವಾಗುವ ಕ್ರಮದಲ್ಲಿ ಕೊಳ್ಳುತ್ತ ಹೋಗಿ.

1. ಬರ್ಕ್‌ನಿಂದ ಶುರು

ಮೊದಲು ಬೇಕಾದದ್ದು ಬ್ರಿಟಿಷ್ ಪಾರ್ಲಿಮೆಂಟಿನ ಸದಸ್ಯನಾಗಿದ್ದ ಎಡ್ಮಂಡ್ ಬರ್ಕ್‌ನ 'ರಿಫ್ಲೆಕ್ಷನ್ಸ್ ಆನ್ ದ ರೆವಲ್ಯೂಷನ್ ಇನ್ ಫ್ರಾನ್ಸ್'. 1790ರ ನವೆಂಬರಿನಲ್ಲಿ ಬಂದ ಪುಸ್ತಕ. ಪ್ಯಾರಿಸ್ಸಿನ ತರುಣನೊಬ್ಬನಿಗೆ ಬರೆದ ಪತ್ರದ ರೂಪದಲ್ಲಿರುವುದರಿಂದ ಅಧ್ಯಾಯಗಳೇ ಇಲ್ಲ. ಶುರುವಿನಲ್ಲಿ ಫ್ರಾನ್ಸಿನ ಕ್ರಾಂತಿಯನ್ನು ಹೊಗಳಿದ ರಿಚರ್ಡ್ ಪ್ರೈಸ್ ಎಂಬ ಪಾದ್ರಿಯ ಉಪನ್ಯಾಸದ ಮೇಲಿನ ವಾಗ್ವಾದ, 1688ರ ಇಂಗ್ಲಿಷ್ ಕ್ರಾಂತಿಯ ವ್ಯಾಖ್ಯಾನ. ಹೊಸಬರು ಸುಸ್ತಾಗುವುದು ಇಲ್ಲೇ. ಪೆನ್ಸಿಲ್ ಹಿಡಿದು ಕೂತು ಮೂರು ಜಾಗ ಹುಡುಕಿ. ಬದಲಾಗುವ ದಾರಿ ಇಲ್ಲದ ರಾಜ್ಯಕ್ಕೆ ಉಳಿಯುವ ದಾರಿಯೂ ಇಲ್ಲ ಎನ್ನುವುದು ಒಂದು. ಸಮಾಜವೆಂಬ ಪಾಲುಗಾರಿಕೆಯಲ್ಲಿ ಬದುಕಿರುವವರ ಜೊತೆಗೆ ಸತ್ತವರೂ ಇನ್ನೂ ಹುಟ್ಟದವರೂ ಇದ್ದಾರೆ ಎನ್ನುವುದು ಇನ್ನೊಂದು. ಮೂರನೆಯದು ಕೊನೆಯ ಭಾಗದಲ್ಲಿದೆ: ಸೈನಿಕರ ಮನಸ್ಸು ಗೆದ್ದ ಸೇನಾಪತಿಯೊಬ್ಬ ಬಂದು ಇಡೀ ಗಣರಾಜ್ಯಕ್ಕೇ ಒಡೆಯನಾಗುತ್ತಾನೆ ಎಂಬ ಎಚ್ಚರಿಕೆ. ಇದನ್ನು ಬರೆದಾಗ ಫ್ರಾನ್ಸಿನ ದೊರೆಯ ತಲೆ ಇನ್ನೂ ಹೋಗಿರಲಿಲ್ಲ. ನೆಪೋಲಿಯನ್ ಅಧಿಕಾರ ಹಿಡಿದದ್ದು 1799ರಲ್ಲಿ, ಬರ್ಕ್ ಸತ್ತು ಎರಡು ವರ್ಷವಾದ ಮೇಲೆ.

ಇವನೊಬ್ಬ ರಾಜರ ವಕೀಲ ಎಂದು ತೀರ್ಮಾನಿಸುವ ಮುಂಚೆ ಆರ್ಕಾಟ್ ನವಾಬನ ಸಾಲಗಳ ಬಗ್ಗೆ 1785ರ ಫೆಬ್ರುವರಿಯಲ್ಲಿ ಪಾರ್ಲಿಮೆಂಟಿನಲ್ಲಿ ಅವನು ಮಾಡಿದ ಭಾಷಣ ಓದಿ. ಅದರಲ್ಲಿ ನಮ್ಮ ಹೈದರಾಲಿ ಬರುತ್ತಾನೆ. 1780ರಲ್ಲಿ ಮೈಸೂರಿನ ಸೈನ್ಯ ಕರ್ನಾಟಿಕ್ ಬಯಲಿಗೆ, ಅಂದರೆ ಇಂದಿನ ತಮಿಳುನಾಡಿನ ಕಡೆಗೆ ಇಳಿದದ್ದನ್ನು, ಬೆಟ್ಟದ ಇಳಿಜಾರಿನಲ್ಲಿ ಕವಿದು ನಿಂತ ಕಾರ್ಮೋಡ ಒಮ್ಮೆಲೇ ಒಡೆದು ಸುರಿದಂತೆ ಬರ್ಕ್ ಬಣ್ಣಿಸುತ್ತಾನೆ. ಆ ದಾಳಿಯ ಭೀಕರತೆಯನ್ನು ಅವನು ಮುಚ್ಚಿಡುವುದಿಲ್ಲ. ಆದರೆ ಬೆರಳು ತೋರಿಸುವುದು ಕೊಟ್ಟ ಮಾತಿಗೆ ನಿಲ್ಲದ ಈಸ್ಟ್ ಇಂಡಿಯಾ ಕಂಪನಿಯವರ ಕಡೆಗೆ, ನವಾಬನಿಗೆ ಬಡ್ಡಿಸಾಲ ಕೊಟ್ಟು ಕೊಬ್ಬಿದ ಇಂಗ್ಲಿಷರ ಕಡೆಗೆ. ಆಮೇಲೆ ಬಂಗಾಳದ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸ್‌ನನ್ನು ವಿಚಾರಣೆಗೆ ಎಳೆದು ತಂದವನೂ ಇವನೇ. 1795ರಲ್ಲಿ ಹೇಸ್ಟಿಂಗ್ಸ್ ಖುಲಾಸೆಯಾದ ಮಾತು ಬೇರೆ. ನನ್ನನ್ನು ಕೇಳಿದರೆ, ಕನ್ನಡದ ಓದುಗರು ಫ್ರಾನ್ಸಿನ ಪುಸ್ತಕಕ್ಕಿಂತ ಮೊದಲು ಈ ಭಾಷಣ ಓದುವುದೇ ಒಳ್ಳೆಯದು.

2. ಪಕ್ಕದಲ್ಲೇ ಎದುರಾಳಿ

ಬರ್ಕ್‌ಗೆ ಉತ್ತರವಾಗಿ ಥಾಮಸ್ ಪೇನ್ 1791ರಲ್ಲಿ 'ರೈಟ್ಸ್ ಆಫ್ ಮ್ಯಾನ್' ಬರೆದ. ಸತ್ತವರಿಗೆ ಬದುಕಿರುವವರ ಕೈಕಟ್ಟುವ ಹಕ್ಕು ಎಲ್ಲಿಂದ ಬಂತು ಎಂಬುದು ಅವನ ಪ್ರಶ್ನೆ. ಎರಡೂ ಪುಸ್ತಕ ಒಟ್ಟಿಗೇ ಇರಲಿ.

ಭಾರತದ ಓದುಗರಿಗೆ ಪೇನ್ ಒಬ್ಬನೇ ಸಾಲದು. ಹಿರಿಯರಿಂದ ಬಂದ ವ್ಯವಸ್ಥೆಯನ್ನು ಗೌರವಿಸು ಎನ್ನುವ ಮಾತು ಇಲ್ಲಿ ನೇರವಾಗಿ ಜಾತಿಗೆ ಹೋಗಿ ತಾಗುತ್ತದೆ. ಅಂಬೇಡ್ಕರ್ ಅವರ 1936ರ 'ಜಾತಿ ವಿನಾಶ' ಬರ್ಕ್‌ನ ಪಕ್ಕದಲ್ಲಿ ಇಲ್ಲದಿದ್ದರೆ ಈ ಕಪಾಟು ಅರ್ಧಂಬರ್ಧ. ಕನ್ನಡದಲ್ಲೂ ಸಿಗುತ್ತದೆ. ಸ್ವಾರಸ್ಯವೆಂದರೆ, ಕಟ್ಟಳೆಗಳ ಧರ್ಮವನ್ನು ಖಂಡಿಸುವ ಅಂಬೇಡ್ಕರ್, ಧರ್ಮವೇ ಬೇಡ ಎಂಬುದು ತಮ್ಮ ಅಭಿಪ್ರಾಯವಲ್ಲ ಎನ್ನುತ್ತ, ನಿಜವಾದ ಧರ್ಮವೇ ಸಮಾಜದ ಬುನಾದಿ ಎಂಬ ಬರ್ಕ್‌ನ ಮಾತನ್ನು ಒಪ್ಪಿ ಉದ್ಧರಿಸುತ್ತಾರೆ. ಅದು ಕೊನೆಯ ಭಾಗದಲ್ಲಿದೆ, ಹುಡುಕಿ ನೋಡಿ.

3. ಅಮೆರಿಕದ ಎರಡು

'ದ ಫೆಡರಲಿಸ್ಟ್' ಅಮೆರಿಕದ ಹೊಸ ಸಂವಿಧಾನವನ್ನು ಸಮರ್ಥಿಸಿ 1787–88ರಲ್ಲಿ ಪತ್ರಿಕೆಗಳಿಗೆ ಬರೆದ 85 ಲೇಖನಗಳ ಸಂಕಲನ. ಎಲ್ಲ ಓದಬೇಕಿಲ್ಲ, 10 ಮತ್ತು 51 ಓದಿದರೆ ಅಧಿಕಾರವನ್ನು ಅಧಿಕಾರದಿಂದಲೇ ತಡೆಯುವ ಲೆಕ್ಕಾಚಾರ ಸಿಕ್ಕಿಬಿಡುತ್ತದೆ. ಇನ್ನೊಂದು, ಜೈಲುಗಳನ್ನು ನೋಡಿಬರಲೆಂದು 1831ರಲ್ಲಿ ಹೊರಟ ಫ್ರೆಂಚ್ ತರುಣ ಟಾಕ್ವಿಲ್ ಬರೆದ 'ಡೆಮಾಕ್ರಸಿ ಇನ್ ಅಮೆರಿಕ'. ಸಂಕ್ಷಿಪ್ತ ಆವೃತ್ತಿ ಕೊಂಡರೂ ಅಡ್ಡಿಯಿಲ್ಲ, ಎರಡನೆಯ ಸಂಪುಟದ ಕೊನೆಯ ಭಾಗ ಬಿಟ್ಟುಹೋಗಿರಬಾರದು ಅಷ್ಟೆ. ಜನರನ್ನು ಹೊಡೆಯದೆ ಬಡಿಯದೆ, ಮಕ್ಕಳಂತೆ ನೋಡಿಕೊಳ್ಳುತ್ತಲೇ ಕೈಲಾಗದವರನ್ನಾಗಿ ಮಾಡುವ ಸರ್ಕಾರದ ಚಿತ್ರ ಅಲ್ಲಿದೆ.

4. ದಾಯಾದಿ ಕಲಹ

ಕಪಾಟಿನ ನಡುವಿನ ಹಲಗೆಗೆ ಮೂವರು ಬೇಕು: ಹಯೆಕ್, ಓಕ್‌ಶಾಟ್, ಕರ್ಕ್. ಮೂವರಿಗೂ ಒಬ್ಬರನ್ನು ಕಂಡರೆ ಒಬ್ಬರಿಗೆ ಪೂರ್ತಿ ಒಪ್ಪಿಗೆಯಿಲ್ಲ.

ಎಲ್ಲವನ್ನೂ ಸರ್ಕಾರವೇ ಯೋಜಿಸತೊಡಗಿದರೆ ಸ್ವಾತಂತ್ರ್ಯ ಉಳಿಯದು ಎಂದು ಮುಕ್ತ ಮಾರುಕಟ್ಟೆಯ ಪರವಾದ ಅರ್ಥಶಾಸ್ತ್ರಜ್ಞ ಹಯೆಕ್ 1944ರಲ್ಲಿ 'ದ ರೋಡ್ ಟು ಸರ್ಫ್‌ಡಮ್' ಬರೆದ. ಅರ್ಪಣೆ ಮಾಡಿದ್ದು 'ಎಲ್ಲ ಪಕ್ಷಗಳ ಸಮಾಜವಾದಿಗಳಿಗೆ'! ಇಂಗ್ಲೆಂಡಿನ ರಾಜಕೀಯ ಚಿಂತಕ ಮೈಕೆಲ್ ಓಕ್‌ಶಾಟ್ ಅದಕ್ಕೆ ಹೇಳಿದ್ದು: ಯೋಜನೆಗಳನ್ನೆಲ್ಲ ವಿರೋಧಿಸುವ ಯೋಜನೆ ಎದುರಿನದಕ್ಕಿಂತ ವಾಸಿಯಿರಬಹುದು, ಆದರೂ ಅದು ಅದೇ ಬಗೆಯ ರಾಜಕಾರಣ. ಹಯೆಕ್ ಕೂಡ 1960ರ ತನ್ನ ದೊಡ್ಡ ಗ್ರಂಥದ ಕೊನೆಗೆ, ತಾನೇಕೆ ಕನ್ಸರ್ವೇಟಿವ್ ಅಲ್ಲ ಎಂದು ಒಂದು ಲೇಖನವನ್ನೇ ಸೇರಿಸಿದ.

ಅಮೆರಿಕದ ಲೇಖಕ ರಸೆಲ್ ಕರ್ಕ್‌ಗೆ ಇಂಥ ಮಾರುಕಟ್ಟೆಯ ಮಾತುಗಳೇ ರುಚಿಸುತ್ತಿರಲಿಲ್ಲ. ಮೋಟಾರು ಕಾರನ್ನೇ ಯಂತ್ರರೂಪದ ಕ್ರಾಂತಿಕಾರಿ ಎಂದು ಬೈದ ಆಸಾಮಿ. 1953ರ ಅವನ 'ದ ಕನ್ಸರ್ವೇಟಿವ್ ಮೈಂಡ್' ಬರ್ಕ್‌ನಿಂದೀಚೆಗಿನ ಪರಂಪರೆಯನ್ನು ಒಂದು ದಾರಕ್ಕೆ ಪೋಣಿಸಿತು. ಅವನು ಮೊದಲು ಇಟ್ಟಿದ್ದ ಹೆಸರಿನಲ್ಲಿದ್ದದ್ದು ಕನ್ಸರ್ವೇಟಿವರ ಸೋಲು, ಆಮೇಲೆ ಅದು ಬದಲಾಯಿತು.

ಮೂವರಲ್ಲಿ ಒಬ್ಬರನ್ನೇ ಕೊಳ್ಳುವಷ್ಟು ಹಣವಿದ್ದರೆ ಓಕ್‌ಶಾಟ್‌ನ 'ರ‍್ಯಾಷನಲಿಸಂ ಇನ್ ಪಾಲಿಟಿಕ್ಸ್' (1962) ಕೊಳ್ಳಿ. ಅದರಲ್ಲಿ 'ಆನ್ ಬೀಯಿಂಗ್ ಕನ್ಸರ್ವೇಟಿವ್' ಎಂಬ ಪ್ರಬಂಧವಿದೆ. ದೇವರು, ದೊರೆ ಯಾರ ಹಂಗೂ ಇಲ್ಲದೆ ವಾದ ಕಟ್ಟುತ್ತಾನೆ. ಮೀನು ಸಿಕ್ಕೀತೆಂಬ ಲಾಭಕ್ಕಲ್ಲದೆ ಗಾಳ ಹಾಕಿ ಕೂರುವ ಖುಷಿಗೇ ಕೂರುವವನು, ಹಳೆಯ ಗೆಳೆಯನಲ್ಲಿ ಉಪಯೋಗ ಹುಡುಕದವನು, ಇಂಥ ಉದಾಹರಣೆಗಳಿಂದಲೇ ಆ ಮನೋಧರ್ಮವನ್ನು ತೋರಿಸುತ್ತಾನೆ. ಒಂದು ಸಂಜೆಯ ಓದು.

5. ಇತ್ತೀಚಿನವರು, ಒಂದು ಕಾದಂಬರಿ

ಇಂಗ್ಲೆಂಡಿನ ತತ್ವಶಾಸ್ತ್ರಜ್ಞ ರೋಜರ್ ಸ್ಕ್ರೂಟನ್ 2014ರಲ್ಲಿ ಬರೆದ 'ಹೌ ಟು ಬಿ ಎ ಕನ್ಸರ್ವೇಟಿವ್' ಸುಲಭವಾಗಿದೆ. ಸಮಾಜವಾದದಲ್ಲಿರುವ ಸತ್ಯವೇನು ಎಂದು ಕೇಳುವ ಅಧ್ಯಾಯವೂ ಅದರಲ್ಲಿದೆ. ಯೌವನದಲ್ಲಿ ಮಾರ್ಕ್ಸ್‌ವಾದಿಯಾಗಿದ್ದ ಅಮೆರಿಕದ ಅರ್ಥಶಾಸ್ತ್ರಜ್ಞ ಥಾಮಸ್ ಸೋವೆಲ್‌ನ 'ಎ ಕಾನ್‌ಫ್ಲಿಕ್ಟ್ ಆಫ್ ವಿಷನ್ಸ್' (1987) ಎಡ, ಬಲ ಎರಡೂ ಪಕ್ಷದವರಿಗೆ ಉಪಯೋಗದ ಪುಸ್ತಕ. ಕಾದಂಬರಿ ಬೇಕೆಂದರೆ ಲಾಂಪೆಡೂಸನ 'ದ ಲೆಪರ್ಡ್'. ಸಿಸಿಲಿಯ ಜಮೀನ್ದಾರಿ ಮನೆತನವೊಂದು ಕಣ್ಣೆದುರೇ ಕರಗುವ ಕಥೆ, ಲೇಖಕ ಸತ್ತ ಮೇಲೆ 1958ರಲ್ಲಿ ಅಚ್ಚಾಯಿತು. ಕಳೆದುಹೋಗುವುದರ ನೋವು ಸಿದ್ಧಾಂತದ ಪುಸ್ತಕಗಳಿಗಿಂತ ಇಲ್ಲೇ ಚೆನ್ನಾಗಿ ಗೊತ್ತಾಗುತ್ತದೆ.

6. ಕೊಳ್ಳುವಾಗ

ಬರ್ಕ್, ಪೇನ್, ಫೆಡರಲಿಸ್ಟ್, ಟಾಕ್ವಿಲ್‌ನ ಹಳೆಯ ಅನುವಾದ, ಇವೆಲ್ಲ ಹಕ್ಕುಸ್ವಾಮ್ಯ ಮುಗಿದವು. ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಕೈಯಲ್ಲಿ ಹಿಡಿದೇ ಓದಬೇಕೆಂದರೆ ಟಿಪ್ಪಣಿಗಳಿರುವ ಆವೃತ್ತಿಯನ್ನೇ ತೆಗೆದುಕೊಳ್ಳಿ, ಇಲ್ಲದಿದ್ದರೆ ಬರ್ಕ್ ಯಾರನ್ನು ಬೈಯುತ್ತಿದ್ದಾನೆಂದೇ ತಿಳಿಯುವುದಿಲ್ಲ. ಬೆಂಗಳೂರಿನವರು ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದಂಗಡಿಗಳನ್ನು ಮೊದಲು ನೋಡಿ. ಆನ್‌ಲೈನಿನಲ್ಲಿ ಅಗ್ಗಕ್ಕೆ ಕಾಣುವ ಮರುಮುದ್ರಣಗಳ ಬಗ್ಗೆ ಹುಷಾರು: ಹಳೆಯ ಪ್ರತಿಯನ್ನು ಸ್ಕ್ಯಾನ್ ಮಾಡಿ ಹಾಗೇ ಅಚ್ಚು ಹಾಕಿರುತ್ತಾರೆ, ಅಕ್ಷರ ಮಸುಕು, ಪುಟ ಮಾಯ. ಮಾದರಿ ಪುಟಗಳಲ್ಲಿ ಸಂಪಾದಕರ ಹೆಸರು, ಮುದ್ರಣದ ವರ್ಷ ಇದೆಯೇ ನೋಡಿ. ಟಾಕ್ವಿಲ್ ಆದರೆ ಅನುವಾದಕರ ಹೆಸರೂ ಇರಬೇಕು. ಇಲ್ಲದಿದ್ದರೆ ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ.