ಎರಡು ನೌಕಾಪಡೆಗಳನ್ನು ನಾನು ಹೋಲಿಸುವ ಬಗೆ

ಅಮೆರಿಕ ಮತ್ತು ಚೀನಾದ ನೌಕಾಪಡೆಗಳ ಲೆಕ್ಕವನ್ನು ಎಕ್ಸೆಲ್ ಹಾಳೆಯಲ್ಲಿ ಬರೆದಿಡುವುದು ನನ್ನ ಹವ್ಯಾಸ. ಸುದ್ದಿಯಲ್ಲಿ ಬರುವುದು ಒಂದೇ ಸಾಲು: ಚೀನಾ ಬಳಿ 370ಕ್ಕೂ ಜಾಸ್ತಿ ಹಡಗು, ಅಮೆರಿಕದ ಬಳಿ 290ರ ಆಸುಪಾಸು. 370 ಅನ್ನುವುದು ಅಮೆರಿಕದ ರಕ್ಷಣಾ ಇಲಾಖೆಯೇ 2023ರ ವರದಿಯಲ್ಲಿ ಕೊಟ್ಟ ಅಂಕಿ. ಅದರಲ್ಲಿ ಯಾವುದೆಲ್ಲ ಸೇರಿದೆ ಅಂತ ಮೊದಲು ನೋಡುತ್ತೇನೆ. ಚೀನಾದ ಸುಮಾರು 60 ಸಣ್ಣ ಕ್ಷಿಪಣಿ ದೋಣಿಗಳು ಅದರಲ್ಲಿ ಇಲ್ಲ. ಅಮೆರಿಕದ ಲೆಕ್ಕದಲ್ಲೋ, ಇಂಧನ ಮತ್ತು ಸಾಮಾನು ತಲುಪಿಸುವ ಹಡಗುಗಳೂ ಇವೆ.

ಆಮೇಲೆ ತೂಕ. ಚೀನಾದ 056 ಕಾರ್ವೆಟ್ (ಸಣ್ಣ ಯುದ್ಧನೌಕೆ) ಸುಮಾರು 1,500 ಟನ್. ನಿಮಿಟ್ಜ್ ದರ್ಜೆಯ ವಿಮಾನವಾಹಕ ನೌಕೆ ಸುಮಾರು 1 ಲಕ್ಷ ಟನ್. ಪಟ್ಟಿಯಲ್ಲಿ ಎರಡೂ ಒಂದೊಂದು ಹಡಗೇ! ತೂಕ ನೋಡುವಾಗಲೂ ಹುಷಾರಾಗಿರಬೇಕು. 1922ರ ವಾಷಿಂಗ್ಟನ್ ಒಪ್ಪಂದ ಅಮೆರಿಕ, ಬ್ರಿಟನ್, ಜಪಾನ್‌ಗೆ ದೊಡ್ಡ ಯುದ್ಧನೌಕೆಗಳ ಒಟ್ಟು ತೂಕವನ್ನು 5:5:3 ಅಂತ ಪಾಲು ಹಾಕಿದಾಗ ಇಂಧನ ಬಿಟ್ಟು ತೂಗಿದ್ದರು. ಈಗ ಓದುವ ಅಂಕಿಗಳು ಹೆಚ್ಚಾಗಿ ಇಂಧನ ತುಂಬಿದ ತೂಕ.

ನಾನು ಹೆಚ್ಚು ಹೊತ್ತು ಕೂರುವುದು ಕ್ಷಿಪಣಿ ಗೂಡುಗಳ ಕಾಲಂ ಮೇಲೆ. ಡೆಕ್‌ನಲ್ಲಿ ನೆಟ್ಟಗೆ ಹುದುಗಿಸಿಟ್ಟ ಪೆಟ್ಟಿಗೆಗಳಿವು. ಡಿಸ್ಟ್ರಾಯರ್ ಅನ್ನುವ ದೊಡ್ಡ ಯುದ್ಧನೌಕೆಗಳನ್ನೇ ನೋಡಿ: ಅಮೆರಿಕದ ಹೊಸ ಆರ್ಲೇ ಬರ್ಕ್ ಹಡಗುಗಳಲ್ಲಿ 96, ಚೀನಾದ 055ರಲ್ಲಿ 112, 052ಡಿಯಲ್ಲಿ 64. ಒಂದು ಗೂಡಿಗೆ ಒಂದೇ ಕ್ಷಿಪಣಿ ಅಂತೇನೂ ಇಲ್ಲ. ಇಎಸ್‌ಎಸ್‌ಎಂ ಅನ್ನುವ ಅಮೆರಿಕದ ಸಣ್ಣ ರಕ್ಷಣಾ ಕ್ಷಿಪಣಿ ಆದರೆ ಒಂದರಲ್ಲೇ ನಾಲ್ಕು ಕೂರುತ್ತವೆ. ಹಾಗಾಗಿ ಸುಮ್ನೆ ಗೂಡು ಕೂಡಿಸಿದರೆ ಸಾಲದು.

ಗೂಡು ಖಾಲಿಯಾದರೆ? ತೇಲುವ ಹಡಗಿಗೆ ನಡುಸಮುದ್ರದಲ್ಲಿ ಕ್ಷಿಪಣಿ ತುಂಬುವುದು ಭಾರೀ ಕಷ್ಟದ ಕೆಲಸ. 2024ರಲ್ಲಿ ಅಮೆರಿಕ ತನ್ನ ಯುದ್ಧನೌಕೆ ಯುಎಸ್‌ಎಸ್ ಚೋಸಿನ್ ಮೇಲೆ ಅದನ್ನು ಮಾಡಿ ತೋರಿಸಿತು, ಅದೂ ಕ್ಷಿಪಣಿಯಿಲ್ಲದ ಖಾಲಿ ಡಬ್ಬಿಯೊಂದನ್ನು ಗೂಡಿಗೆ ಇಳಿಸಿ. ಸದ್ಯಕ್ಕೆ ಬಂದರಿಗೆ ವಾಪಸ್ ಹೋಗುವುದೇ ದಾರಿ. ಅದಕ್ಕೇ 'ಬಂದರಿಗೆ ಎಷ್ಟು ದೂರ' ಅನ್ನುವ ಕಾಲಂ ನನ್ನ ಹಾಳೆಯಲ್ಲಿ ಇದೆ. ನನ್ನ ಪ್ರಕಾರ ಅತಿ ಮುಖ್ಯವಾದ ಕಾಲಂ ಅದೇ.

ತೈವಾನ್ ಸುತ್ತ ಜಗಳ ಅಂತಿಟ್ಟುಕೊಳ್ಳಿ. ಚೀನಾದ ಬಂದರುಗಳು ಪಕ್ಕದಲ್ಲೇ ಇವೆ. ಅಮೆರಿಕದ ಹಡಗು ತನ್ನ ನೆಲೆಗಳಿರುವ ಜಪಾನ್‌ನ ಯೊಕೊಸುಕಾಗೋ ಪೆಸಿಫಿಕ್ ದ್ವೀಪ ಗುವಾಮ್‌ಗೋ ಓಡಬೇಕು. ಎರಡೂ ಚೀನಾದ ಕ್ಷಿಪಣಿಗಳಿಗೆ ಎಟುಕುವ ಜಾಗಗಳೇ. ಅದೇ ಜಗಳ ಹಿಂದೂ ಮಹಾಸಾಗರದಲ್ಲಾದರೆ ಲೆಕ್ಕ ತಲೆಕೆಳಗಾಗುತ್ತದೆ. ಅಮೆರಿಕಕ್ಕೆ ಡಿಯಾಗೊ ಗಾರ್ಸಿಯಾ ದ್ವೀಪ, ಬಹ್ರೇನ್ ನೆಲೆಗಳು ಇವೆ. ಚೀನಾಕ್ಕೆ ಅಲ್ಲಿ 2017ರಲ್ಲಿ ತೆರೆದ, ಪೂರ್ವ ಆಫ್ರಿಕಾದ ಜಿಬೂಟಿ ನೆಲೆಯೇ ಆಸರೆ. ಹಡಗುಗಳು ಅವೇ, ಉತ್ತರ ಬೇರೆ. ಹೀಗಾಗಿ 'ಯಾರು ದೊಡ್ಡವರು' ಅಂತ ಯಾರಾದರೂ ಕೇಳಿದರೆ, ಯಾವ ಸಮುದ್ರದಲ್ಲಿ ಅಂತ ಮೊದಲು ವಿಚಾರಿಸುತ್ತೇನೆ.