ಮಾಂಸಖಂಡ ಬೇಗ, ರಜ್ಜು ನಿಧಾನ

ಮಂಡಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದವರಿಗೆ ನಾನು ದಿನವೂ ಹೇಳುವ ಮಾತೊಂದಿದೆ: "ಶಕ್ತಿ ಬಂದ ಹಾಗೆ ಅನ್ನಿಸುತ್ತದೆ, ಪೂರ್ತಿ ನಂಬಬೇಡಿ. ಮಾಂಸಖಂಡ ಬೇಗ ಚೇತರಿಸಿಕೊಳ್ಳುತ್ತದೆ. ಅದನ್ನು ಮೂಳೆಗೆ ಕಟ್ಟಿರುವ ರಜ್ಜು ನಿಧಾನ. ಭಾರ ಏರಿಸುವುದು ರಜ್ಜುವಿನ ಲೆಕ್ಕದಲ್ಲಿ." ಇದನ್ನು ಸಾವಿರ ಸಲ ಹೇಳಿದ ನಾನೇ ನನ್ನ ಕ್ಲಿನಿಕ್ಕಿನ ವಿಷಯದಲ್ಲಿ ಅದನ್ನು ಮರೆತು ಪೆಟ್ಟು ತಿಂದೆ.

2014ರಲ್ಲಿ ಮೈಸೂರಿನ ಕುವೆಂಪುನಗರದಲ್ಲಿ ಹತ್ತಡಿ ಅಗಲದ ಒಂದು ಮಳಿಗೆ ಬಾಡಿಗೆಗೆ ಹಿಡಿದು ಫಿಸಿಯೋಥೆರಪಿ ಕ್ಲಿನಿಕ್ ತೆರೆದೆ. ಒಂದು ಮಂಚ, ನೋವಿಗೆ ಕರೆಂಟ್ ಕೊಡುವ ಒಂದು ಐಎಫ್‌ಟಿ ಯಂತ್ರ, ಗೋಡೆಗೆ ಒಂದು ರಾಟೆ. ದಿನಕ್ಕೆ ಮೂವರು ಬಂದರೆ ಹಬ್ಬ. ಸೊಂಟ ನೋವಿನವರು, ಲಕ್ವ ಹೊಡೆದವರು, ಸಕ್ಕರೆ ಕಾಯಿಲೆಯಿಂದ ಭುಜ ಬಿಗಿದುಕೊಂಡವರು, ಯಾರು ಬಂದರೂ ಸರಿ. ಮಾರಾಟಗಾರನೊಬ್ಬನ ಮಾತು ಕೇಳಿ ಹೊಟ್ಟೆ ಕರಗಿಸುವ ಕಂಪನದ ಬೆಲ್ಟೊಂದನ್ನೂ ಕಂತಿನಲ್ಲಿ ಕೊಂಡೆ. ಅದರಿಂದ ಕರಗಿದ್ದು ನನ್ನ ಬ್ಯಾಂಕ್ ಖಾತೆಯೊಂದೇ.

ಎರಡು ವರ್ಷ ಹೀಗೇ ಹೋಯಿತು. ರೋಗಿಗಳು ಸಾಲುತ್ತಿಲ್ಲ, ಆದ್ದರಿಂದ ಪ್ರಚಾರ ಬೇಕು ಎಂದು ನಾನು ತೀರ್ಮಾನಿಸಿದ್ದೆ. ದಿನಪತ್ರಿಕೆಯ ಮಡಿಕೆಯಲ್ಲಿ ಕರಪತ್ರ ಇಡಿಸಿದೆ, ಬೋರ್ಡಿಗೆ ದೀಪ ಹಾಕಿಸಿದೆ. ಹೊಸಬರು ಬಂದರು, ಹೋದರು.

ಹುಡುಗನಾಗಿದ್ದಾಗ ಎರಡು ವರ್ಷ ಗರಡಿಗೆ ಹೋಗಿದ್ದೆ. ಎಣ್ಣೆ, ಅರಿಸಿನ ಬೆರೆಸಿ ಹದ ಮಾಡಿದ ಕೆಮ್ಮಣ್ಣಿನ ವಾಸನೆ ಈಗಲೂ ಮೂಗಿನಲ್ಲಿದೆ. ಹೊಸದಾಗಿ ಸೇರಿದ ಹುಮ್ಮಸ್ಸಿನಲ್ಲಿ ಮೊದಲ ವಾರವೇ ಐವತ್ತು ಬಸ್ಕಿ ದಾಟಿಸಲು ಹೋದವನ ಹೆಗಲ ಮೇಲೆ ಉಸ್ತಾದರು ಕೈಯಿಟ್ಟು, "ಲೇ, ನಿಲ್ಲಿಸು. ನಾಳೆಗೂ ಸ್ವಲ್ಪ ಇಟ್ಟುಕೊ" ಎಂದಿದ್ದರು. ಮೆಟ್ಟಿಲು ಇಳಿಯಲಾರದೆ ನರಳುವವರನ್ನು ಅವರು ಬಹಳ ನೋಡಿದ್ದರು. ಯಾರು ಎಷ್ಟು ದಂಡ, ಎಷ್ಟು ಬಸ್ಕಿ ಹೊಡೆದರು ಎಂಬುದು ಅವರ ತಲೆಯಲ್ಲೇ ಇರುತ್ತಿತ್ತು.

ಗರಡಿಯವರಿಗೆ ಕೈಯ ಅಳತೆಯಲ್ಲಿ ಗೊತ್ತಿದ್ದುದನ್ನು ನಮ್ಮ ವೃತ್ತಿಗೆ ಲೆಕ್ಕ ಮಾಡಿ ಕೊಟ್ಟವರು ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲಾರ್ಮ್. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರಿಗೆ ಭಾರ ಎತ್ತಿಸಿ ಕಾಲಿಗೆ ಬಲ ತರಿಸಿದ ಅವರು ಅದನ್ನು 1945ರಲ್ಲಿ ಪ್ರಕಟಿಸಿದರು. ಮುಂದೆ ಅವರು ನೆಲೆಗೊಳಿಸಿದ ಕ್ರಮ ಬಹಳ ಸರಳ: ರೋಗಿ ಹತ್ತು ಸಲ ಮಾತ್ರ ಎತ್ತಬಲ್ಲ ಭಾರ ಎಷ್ಟೆಂದು ಮೊದಲು ಕಂಡುಕೊಳ್ಳಬೇಕು, ಆಮೇಲೆ ಅದರ ಅರ್ಧ, ಮುಕ್ಕಾಲು, ಪೂರ್ತಿ ಎಂದು ಮೂರು ಸುತ್ತು ಎತ್ತಿಸಬೇಕು, ಮತ್ತೆ ಅಳೆಯಬೇಕು. ಎಲ್ಲಕ್ಕೂ ಮೊದಲು ಅಳತೆ. ನಾನು ರೋಗಿಗಳ ಮಂಡಿಯನ್ನು ಕೋನ ಅಳೆಯುವ ಗೋನಿಯೋಮೀಟರಿನಲ್ಲಿ ಡಿಗ್ರಿ ಬಿಡದೆ ಅಳೆಯುತ್ತಿದ್ದೆ. ಕ್ಲಿನಿಕ್ಕನ್ನು ಒಂದು ದಿನವೂ ಅಳೆದಿರಲಿಲ್ಲ.

ಇನ್ನೂರು ಪುಟದ ಒಂದು ಉದ್ದನೆಯ ನೋಟ್‌ಬುಕ್ ತಂದೆ. ದುಡ್ಡಿನ ಲೆಕ್ಕ ಬೇರೆಡೆ ಇತ್ತು. ಇದರಲ್ಲಿ ಬರೆದದ್ದು ಮೂರೇ ಅಂಶ: ಯಾರು ಬಂದರು, ಎಷ್ಟು ಸಲ ಬರಬೇಕಿತ್ತು, ಎಷ್ಟು ಸಲ ಬಂದರು. ಮೂರು ತಿಂಗಳ ಪುಟ ತಿರುವಿದಾಗ ಮುಖಕ್ಕೆ ನೀರು ಎರಚಿದಂತಾಯಿತು. ಹತ್ತು ಮಂದಿ ಹೊಸಬರಲ್ಲಿ ಆರು ಮಂದಿ ನಾಲ್ಕನೆಯ ಭೇಟಿಗೆ ಮೊದಲೇ ಮಾಯ. ತೂತು ಕೊಡಕ್ಕೆ ನಾನು ನಲ್ಲಿ ದೊಡ್ಡದು ಮಾಡಿಸುತ್ತಿದ್ದೆ.

ಬಿಟ್ಟುಹೋದವರಿಗೆ ಫೋನ್ ಮಾಡಿದೆ. ನಾಚಿಕೆಯ ಕೆಲಸ, ಆದರೆ ಮಾಡಿದೆ. ಒಬ್ಬರು, "ನೋವು ಹೋಯಿತಲ್ಲ ಸಾರ್" ಎಂದರು. ಇನ್ನೊಬ್ಬರು, "ಇನ್ನೂ ಎಷ್ಟು ದಿನ ಎಂದು ನೀವು ಹೇಳಲೇ ಇಲ್ಲ" ಎಂದರು. ಎರಡನೆಯ ಮಾತು ನಾಟಿತು. ಅಂದಿನಿಂದ ಮೊದಲ ದಿನವೇ ಒಂದು ಚೀಟಿಯಲ್ಲಿ ಬರೆದು ಕೊಡುತ್ತೇನೆ: ಇಂದು ಮಂಡಿ ಇಷ್ಟು ಡಿಗ್ರಿ ಮಡಚುತ್ತದೆ, ಎರಡು ವಾರಕ್ಕೆ ಇಷ್ಟಾಗಬೇಕು, ಒಟ್ಟು ಇಷ್ಟು ಭೇಟಿ, ಇಷ್ಟು ಖರ್ಚು. ಅಷ್ಟೇ.

ಎರಡನೆಯ ಪಾಠ ಆಯ್ಕೆಯದು. ಯಾವುದನ್ನು ಅಭ್ಯಾಸ ಮಾಡಿಸುತ್ತೇವೋ ದೇಹ ಅದನ್ನೇ ಕಲಿಯುತ್ತದೆ, ಓಡುವವನಿಗೆ ಈಜು ತಾನಾಗಿ ಬರುವುದಿಲ್ಲ. ನಾನು ಮಂಡಿಯನ್ನು ಆರಿಸಿಕೊಂಡೆ. ಬೆಲ್ಟನ್ನು ಅರ್ಧ ಬೆಲೆಗೆ ಮಾರಿ ತೊಡೆಯ ವ್ಯಾಯಾಮದ ಕುರ್ಚಿ ತಂದೆ. ಒಂದು ವರ್ಷದೊಳಗೆ ಮೂಳೆ ವೈದ್ಯರು ತಾವಾಗಿ ಚೀಟಿ ಬರೆದು ಕಳಿಸತೊಡಗಿದರು. ನಡುವೆ ಒಂದು ಕಡೆಯಿಂದ ಕಮಿಷನ್ ಮಾತೂ ಬಂತು. ಒಪ್ಪಲಿಲ್ಲ. ದೊಡ್ಡ ಆದರ್ಶವೇನಲ್ಲ, ಸ್ಟೀರಾಯ್ಡ್ ಚುಚ್ಚಿಕೊಂಡು ತೋಳು ಬೆಳೆಸಿದವರ ರಜ್ಜು ಹರಿದುದನ್ನು ನೋಡಿದವನಿಗೆ ಭಯ ಇರುತ್ತದೆ.

ಇಲ್ಲಿಯವರೆಗೆ ಜಾಣ. ಇನ್ನು ಮುಂದೆ ದಡ್ಡತನ.

2017ರಲ್ಲಿ ದಿನಕ್ಕೆ ಇಪ್ಪತ್ತೆರಡು ಮಂದಿ ಬರುತ್ತಿದ್ದರು. ವ್ಯಾಯಾಮ ಶುರುಮಾಡಿದ ಮೊದಲ ವಾರಗಳಲ್ಲಿ ಭಾರ ಎತ್ತುವ ಶಕ್ತಿ ಸರಸರನೆ ಏರುತ್ತದೆ. ಆ ಏರಿಕೆಯ ಬಹುಪಾಲು ನರಗಳು ಚುರುಕಾದದ್ದರಿಂದ ಬಂದದ್ದು, ಮಾಂಸ ಇನ್ನೂ ಬೆಳೆದಿರುವುದಿಲ್ಲ. ಹೊಸಬರು ಮೋಸ ಹೋಗುವುದು ಆಗಲೇ. ನಾನೂ ಹೋದೆ. ವಿಜಯನಗರದಲ್ಲಿ ಎರಡನೆಯ ಶಾಖೆ ತೆರೆದೆ. ಕಾಲೇಜಿನಿಂದ ಆಗಷ್ಟೇ ಹೊರಬಂದ ಹುಡುಗನೊಬ್ಬನನ್ನು ಮೂಲ ಕ್ಲಿನಿಕ್ಕಿನಲ್ಲಿ ಬಿಟ್ಟು ಬೆಳಿಗ್ಗೆಯೆಲ್ಲ ಅಲ್ಲಿ, ಸಂಜೆ ಇಲ್ಲಿ ಓಡಾಡತೊಡಗಿದೆ.

ಐದನೆಯ ತಿಂಗಳು. ನಿವೃತ್ತ ಶಿಕ್ಷಕಿಯೊಬ್ಬರು ಮಂಡಿ ಕೀಲು ಬದಲಾಯಿಸಿಕೊಂಡು ನಮ್ಮಲ್ಲಿಗೆ ಬರುತ್ತಿದ್ದರು. ನಾನು ಅವರನ್ನು ನೋಡಿದ್ದು ಮೊದಲ ದಿನ, ಆಮೇಲೆ ಆರನೆಯ ವಾರದಲ್ಲಿ. ಮಂಚದ ಅಂಚಿಗೆ ಕೂರಿಸಿ ಮಂಡಿ ಮಡಚಿಸಿದೆ. ಬಾಗಿಲಿಗೆ ಏನೋ ಸಿಕ್ಕಿಕೊಂಡಂತೆ ಅದು ನಿಂತುಬಿಟ್ಟಿತು. ಅಳೆದೆ, 70 ಡಿಗ್ರಿ. ಅಷ್ಟು ಹೊತ್ತಿಗೆ 90 ದಾಟಿರಬೇಕಿತ್ತು. ಹಾಳೆ ತೆಗೆದು ನೋಡಿದರೆ ಎರಡನೆಯ ವಾರದಿಂದ ಈಚೆಗೆ ಅಳತೆಯ ಕಾಲಂ ಖಾಲಿ. ಶಾಖ ಕೊಟ್ಟದ್ದು, ಕರೆಂಟ್ ಇಟ್ಟದ್ದು ಎಲ್ಲ ದಾಖಲಾಗಿತ್ತು. ಹುಡುಗ ತಲೆ ತಗ್ಗಿಸಿ ನಿಂತಿದ್ದ. ನೋವೆಂದು ಅವರು ಬೇಡ ಎಂದಾಗಲೆಲ್ಲ ಇವನು ಬಿಟ್ಟುಬಿಟ್ಟಿದ್ದ, ಹಿರಿಯರ ಮೇಲೆ ಒತ್ತಾಯ ಹೇಗೆ ಎಂದು. ಅವನಿಗೆ ಅದನ್ನು ಕಲಿಸಬೇಕಾಗಿದ್ದ ನಾನು ರಿಂಗ್ ರಸ್ತೆಯ ಸಿಗ್ನಲ್ಲುಗಳಲ್ಲಿ ನಿಂತಿರುತ್ತಿದ್ದೆ.

ಶಸ್ತ್ರವೈದ್ಯರಲ್ಲಿಗೆ ಮತ್ತೆ ಕಳಿಸಬೇಕಾಯಿತು. ಅರಿವಳಿಕೆ ಕೊಟ್ಟು ಮಂಡಿ ಬಗ್ಗಿಸಿದರು. ಆಮೇಲೆ ಸರಿಹೋಯಿತು. ಆದರೆ ಆ ಶಿಕ್ಷಕಿ ಬೈದಿದ್ದರೂ ಚೆನ್ನಾಗಿತ್ತು. "ನೀವೇ ನೋಡುತ್ತೀರಿ ಅಂದುಕೊಂಡಿದ್ದೆ ಡಾಕ್ಟ್ರೇ" ಎಂದಷ್ಟೇ ಹೇಳಿದರು.

ಎಂಟನೆಯ ತಿಂಗಳಿಗೆ ಶಾಖೆ ಮುಚ್ಚಿದೆ. ಮುಂಗಡದಲ್ಲಿ ಸ್ವಲ್ಪ ಹೋಯಿತು, ಮಾನವೂ ಸ್ವಲ್ಪ ಹೋಯಿತು. ರೋಗಿಗಳ ಸಂಖ್ಯೆ ಕಣ್ಣಿಗೆ ಕಾಣುವ ಮಾಂಸಖಂಡ. ಹುಡುಗರ ಕೈ ಪಳಗುವುದು, ದಾಖಲೆ ಬರೆಯುವ ಅಭ್ಯಾಸ, ನಾನಿಲ್ಲದಾಗಲೂ ಒಬ್ಬ ಹಿರಿಯ ರೋಗಿಗೆ "ಇನ್ನು ಐದೇ ಡಿಗ್ರಿ ಅಮ್ಮ" ಎಂದು ಹೇಳುವ ಧೈರ್ಯ, ಇವು ರಜ್ಜು. ರಕ್ತ ಓಡಾಟ ಕಡಿಮೆ ಇರುವ ಅಂಗಾಂಶ, ಅವಸರಕ್ಕೆ ಬಗ್ಗುವುದಿಲ್ಲ.

ಆಮೇಲೆ ಮಾಡಿಕೊಂಡ ಕಟ್ಟಳೆಗಳು ಕೆಲವು. ಒಂದು ಸಲಕ್ಕೆ ಒಂದೇ ಭಾರ: ಹೊಸ ಸಹಾಯಕ ಬಂದ ತಿಂಗಳು ಹೊಸ ಯಂತ್ರ ಇಲ್ಲ, ಹೊಸ ವೇಳೆಯೂ ಇಲ್ಲ. ಓಟಗಾರರಲ್ಲಿ ವಾರಕ್ಕೆ ಶೇ 10ಕ್ಕಿಂತ ಹೆಚ್ಚು ದೂರ ಕೂಡಿಸಬಾರದೆಂಬ ಮಾತಿದೆ. ಅದು ರೂಢಿಯ ಮಾತು, ವೇದವಾಕ್ಯವಲ್ಲ. ನಾನು ಶೇಕಡಾವಾರು ನೋಡುವುದಿಲ್ಲ, ಖಾಲಿ ಕಾಲಂ ನೋಡುತ್ತೇನೆ. ಶನಿವಾರ ಮಧ್ಯಾಹ್ನ ಹತ್ತು ಹಾಳೆ ಎಳೆದು ನೋಡಿದಾಗ ಒಂದಕ್ಕಿಂತ ಹೆಚ್ಚು ಕಡೆ ಅಳತೆ ತಪ್ಪಿದ್ದರೆ ಮುಂದಿನ ವಾರ ಹೊಸ ರೋಗಿಗಳನ್ನು ತೆಗೆದುಕೊಳ್ಳುವುದಿಲ್ಲ.

ಎರಡು ತಿಂಗಳಿಗೊಂದು ವಾರ ಹಗುರ. ಕುಸ್ತಿಯವರಾಗಲಿ ಭಾರ ಎತ್ತುವವರಾಗಲಿ ವಿಶ್ರಾಂತಿಯನ್ನೂ ತಾಲೀಮಿನ ಭಾಗವೆಂದೇ ಎಣಿಸುತ್ತಾರೆ. ಆ ವಾರ ಅರ್ಧ ದಿನವಷ್ಟೇ ರೋಗಿಗಳು. ಉಳಿದ ಹೊತ್ತು ನಾವು ಒಬ್ಬರ ಮಂಡಿಯನ್ನು ಒಬ್ಬರು ಅಳೆದು, ಇಬ್ಬರ ಅಳತೆ ಹೊಂದುತ್ತದೆಯೇ ಎಂದು ನೋಡುತ್ತೇವೆ. ಮೊದಲ ಸಲ ನನಗೂ ನನ್ನ ಶಿಷ್ಯನಿಗೂ ಎಂಟು ಡಿಗ್ರಿ ವ್ಯತ್ಯಾಸ ಬಂತು. ತಪ್ಪು ನನ್ನದಾಗಿತ್ತು.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಇನ್ನೊಂದು ಸೂತ್ರ ನೆರವಿಗೆ ಬಂತು: ಶಕ್ತಿ ಗಳಿಸಲು ಬೇಕಾದಷ್ಟು ದುಡಿಮೆ ಅದನ್ನು ಉಳಿಸಿಕೊಳ್ಳಲು ಬೇಕಿಲ್ಲ. ಪ್ರತಿ ರೋಗಿಗೂ ವಾರಕ್ಕೊಂದು ವೀಡಿಯೊ ಕರೆ, ಶುಲ್ಕವಿಲ್ಲ. ಬಾಗಿಲು ತೆರೆದ ದಿನ ಅವರೇ ಮೊದಲು ಬಂದರು.

ಆ ಹುಡುಗ ನನ್ನಲ್ಲೇ ಇದ್ದಾನೆ, ಈಗ ನನಗಿಂತ ಗಟ್ಟಿ. ಹೊಸದಾಗಿ ಬಂದಿರುವ ಹುಡುಗಿಗೆ ಅವನೇ ಕಲಿಸುತ್ತಿದ್ದಾನೆ. ಮಹಡಿಯ ಮೇಲಿನ ಕೋಣೆ ಖಾಲಿಯಿದೆ, ಹಿಡಿಯಿರಿ ಎಂದು ಮಳಿಗೆಯ ಯಜಮಾನರು ಮೂರು ತಿಂಗಳಿಂದ ಕೇಳುತ್ತಿದ್ದಾರೆ. ಆ ಹುಡುಗಿಗೆ ಒಂದು ವರ್ಷ ತುಂಬಲಿ ಎಂದಿದ್ದೇನೆ. ಹುಡುಗಿಗೂ ಕೋಣೆಗೂ ಏನು ಸಂಬಂಧ ಎಂದು ಅವರಿಗೆ ಅರ್ಥವಾಗಿಲ್ಲ. ಬಾಡಿಗೆ ಇಳಿಸಲು ನಾನು ಆಟ ಕಟ್ಟುತ್ತಿದ್ದೇನೆ ಎಂದೇ ಅವರ ನಂಬಿಕೆ. ಕಳೆದ ವಾರ ಐನೂರು ರೂಪಾಯಿ ಇಳಿಸಿದರು.